ಇಪ್ಪತ್ತೇಳು ಡಬ್ಬಿ ಸೀಮೆಎಣ್ಣೆ

ಅಳತೆಯಣ್ಣನನ್ನು ನಾನು ಮೊದಲು ಭೇಟಿಯಾದ ದಿನ ಅವನು ನನ್ನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡ. ಶನಿವಾರ, ಮಧ್ಯಾಹ್ನ ಎರಡೂವರೆ. ಹೊಲಿಗೆ ಕಾರ್ಖಾನೆಯ ಸೈರನ್ ಆಗತಾನೇ ಕೂಗಿ ನಿಂತಿತ್ತು, ಅದಕ್ಕೇ ಹೊತ್ತು ನೆನಪಿದೆ. ನಾನು ಸ್ಟೌವಿಗೆ ಎಣ್ಣೆ ತುಂಬಿ, ಹತ್ತೂ ಬತ್ತಿಗಳನ್ನು ಒಂದೇ ಸಮಕ್ಕೆ ಎಳೆದು, ಕಡ್ಡಿ ಗೀರಲು ಕೈ ಎತ್ತಿದ್ದೆ. ಅವನು ಬಾಗಿಲು ತಟ್ಟಲಿಲ್ಲ, ಚಪ್ಪಲಿ ಬಿಡಲಿಲ್ಲ. ಗಾಳಿಯ ಹಾಗೆ ಒಳಗೆ ಬಂದ.

"ಹಚ್ಚಿದ್ರಾ?"

"ಯಾರಪ್ಪಾ ನೀನು? ಹೆಂಗಸೊಬ್ಬಳೇ ಇರೋ ಮನೆಗೆ ಹೀಗೆ ನುಗ್ತಾರಾ?"

"ಹಚ್ಚಿದ್ರಾ ಅಂದೆ!"

"ಬೆಂಕಿಪೊಟ್ಟಣ ನಿನ್ನ ಕೈಲಿದೆ. ಇನ್ನು ನನ್ನ ಹಣೆಬರಹ ಉಜ್ಜಿ ಹಚ್ಚಬೇಕಷ್ಟೆ."

ಅವನಿಗೆ ನಗು ಬರಲಿಲ್ಲ. ಗೋಡೆಗೆ ಒರಗಿ ಅಲ್ಲೇ ಕುಕ್ಕರಿಸಿದ. "ಒಂದು ಸಿಕ್ಕಿತು. ಇನ್ನು ಇಪ್ಪತ್ತಾರು" ಅಂದ. ಮೂಗು ಕಟ್ಟಿ ಮಾತು ಗೊಗ್ಗರಾಗಿತ್ತು. ಆ ಕೈ ಕಂಡ ಮೇಲೆ ನನಗೆ ಗುರುತು ಹತ್ತಿತು. ಹತ್ತು ವರ್ಷದಿಂದ ತಿಂಗಳಿಗೆರಡು ಸಲ ನನ್ನ ಡಬ್ಬಿಗೆ ಎಣ್ಣೆ ಅಳೆದು ಹಾಕುತ್ತಿದ್ದ ಕೈ ಅದು. ಡಿಪೋದಲ್ಲಿ ನಮಗೆ ಕಾಣುವುದು ಒಂದು ಕಿಂಡಿ, ಕಿಂಡಿಯಲ್ಲಿ ಒಂದು ಕೈ. ಟ್ಯಾಂಕರ್ ಬಂದ ದಿನ ಅದರ ನೆತ್ತಿಯ ಮೇಲೆ ಒಂದು ಬೆನ್ನು. ಮುಖ ನೋಡಿದ್ದು ಅವತ್ತೇ. ಐವತ್ತರ ಆಸುಪಾಸು, ಅರ್ಧ ನರೆತ ಮೀಸೆ, ಹುಬ್ಬು ಮಾತ್ರ ಕಪ್ಪು.

"ಏನಾಯ್ತಣ್ಣಾ?"

"ಬೆಳಗ್ಗೆ ಕೊಟ್ಟ ಎಣ್ಣೇಲಿ ಪೆಟ್ರೋಲ್ ಸೇರಿದೆ ಅಮ್ಮಾ. ಹಚ್ಚಿದರೆ ಸಿಡಿಯುತ್ತೆ."

ನನ್ನ ಕೈ ತಾನಾಗಿಯೇ ಸೆರಗಿಗೆ ಒರೆಸಿಕೊಂಡಿತು. ಆಮೇಲೆ ಸೆರಗನ್ನೂ ದೂರ ಹಿಡಿದೆ.

ಅವನಿಗೆ ಗೊತ್ತಾದದ್ದು ಹೀಗೆ. ಸೀಮೆಎಣ್ಣೆ ನೆಲಕ್ಕೆ ಚೆಲ್ಲಿದರೆ ಬೇಗ ಆರುವುದಿಲ್ಲ. ಕಿಂಡಿಯ ಕೆಳಗೆ, ಅಳತೆಯ ಪಾತ್ರೆ ಇಡುವ ಜಾಗದಲ್ಲಿ ಹಗಲಿಡೀ ಒಂದು ಒದ್ದೆ ಕಲೆ ಇದ್ದೇ ಇರುತ್ತದೆ, ಕಾಲಿಟ್ಟರೆ ಜಾರುತ್ತದೆ. ಅವತ್ತು ಊಟ ಮುಗಿಸಿ ಬಂದು ನೋಡಿದರೆ ಕಲೆಯ ಅರ್ಧಕ್ಕರ್ಧ ಆರಿಹೋಗಿತ್ತು. ನೆಗಡಿಯಾಗಿ ಮೂಗಿಗೆ ವಾಸನೆ ಹತ್ತಿರಲಿಲ್ಲ. ಅನುಮಾನ ಬಂದು ಒಂದು ಚಮಚ ಎಣ್ಣೆಯನ್ನು ಬಯಲಿಗೆ ಒಯ್ದು, ಕಲ್ಲಿನ ಮೇಲೆ ಸುರಿದು, ಉದ್ದ ಕೋಲಿನ ತುದಿಯಲ್ಲಿ ಕಿಡಿ ಹಿಡಿದ. ಸೀಮೆಎಣ್ಣೆಯಾದರೆ ಬತ್ತಿಯಿಲ್ಲದೆ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಇದು ಕಿಡಿ ಇನ್ನೂ ಗೇಣು ದೂರವಿರುವಾಗಲೇ ಭಗ್ ಎಂದಿತು. ಅವನು ಡಿಪೋ ಯಜಮಾನರಿಗೆ ಹೇಳಿದ. ಅವರು, "ಊರಿಗೆಲ್ಲ ಡಂಗುರ ಹೊಡೀಬೇಡ. ಸ್ವಲ್ಪ ಬೆರಕೆ ಆದರೆ ಏನಾಗುತ್ತೆ, ಉರಿ ಜೋರಾಗುತ್ತೆ ಅಷ್ಟೇ" ಅಂದರಂತೆ. ಅವನು ಕೀಲಿಕೈ ಮೇಜಿನ ಮೇಲಿಟ್ಟು, ಕೈಗಾಡಿಯ ಮೇಲೆ ಎರಡು ಖಾಲಿ ಡ್ರಮ್ಮು ಹೇರಿಕೊಂಡು ಹೊರಟುಬಂದ. ಡಿಪೋಗೆ ತೀರಾ ಹತ್ತಿರದ ಮನೆ ನನ್ನದು, ಮೊದಲು ಇಲ್ಲಿಗೆ.

"ಇಪ್ಪತ್ತೇಳು ಕಾರ್ಡಿಗೆ ಕೊಟ್ಟಿದ್ದೀನಿ" ಅಂದ. "ಪುಸ್ತಕದಲ್ಲಿ ಕಾರ್ಡಿನ ನಂಬರ್ ಇದೆ. ಮನೆ ಎಲ್ಲಿ ಅನ್ನೋದು ರೇಷನ್ ಆಫೀಸಿನ ಕಪಾಟಲ್ಲಿದೆ. ಶನಿವಾರ, ಹನ್ನೆರಡಕ್ಕೇ ಬೀಗ. ಕಿಂಡೀಲಿ ನನಗೆ ಕಾಣೋದು ಡಬ್ಬಿ ಬಾಯಿ ಅಮ್ಮಾ, ಮುಖ ಅಲ್ಲ. ನಾಲ್ಕು ಗಂಟೆಗೆ ಟೀ ಕಾಯಿಸೋಕೆ ಶುರು ಮಾಡ್ತಾರೆ. ದೀಪ ಹಚ್ಚೋ ಹೊತ್ತಿಗಂತೂ ಎಲ್ಲರ ಮನೇಲೂ."

"ಸಾಲು ನಾನು ಹೇಳ್ತೀನಿ" ಅಂದೆ.

ಹೇಳಿದ್ದು ಜಂಬಕ್ಕಲ್ಲ. ನಮ್ಮಲ್ಲಿ ಸಾಲಿನಲ್ಲಿ ನಿಲ್ಲುವುದು ಜನರಲ್ಲ, ಡಬ್ಬಿಗಳು. ಬೆಳಗ್ಗೆ ಬಂದವರು ಡಬ್ಬಿ ಇಟ್ಟು ಕೆಲಸಕ್ಕೆ ಹೋಗುತ್ತಾರೆ, ಟ್ಯಾಂಕರ್ ಬಂತೆಂದು ತಿಳಿದ ಮೇಲೆ ಓಡಿಬರುತ್ತಾರೆ. ನಡುವೆ ಡಬ್ಬಿ ಮುಂದೆ ತಳ್ಳಿದ್ದು, ಹಿಂದೆ ಸರಿಸಿದ್ದು ಎಂದು ಜಗಳ ಇದ್ದದ್ದೇ. ನಾನು ಸಂಬಳಕ್ಕೆ ಅಡುಗೆ ಮಾಡುವ ಮನೆ ಆಗ ಒಂದೇ ಇತ್ತು, ಅವರು ಊರಲ್ಲಿರಲಿಲ್ಲ. ಹಾಗಾಗಿ ಅವತ್ತು ಏಳರಿಂದ ಹನ್ನೊಂದರವರೆಗೆ ಡಿಪೋದ ಮೋಟು ಗೋಡೆಯ ಮೇಲೆ ಕೂತು ಸಾಲು ಕಾದವಳು ನಾನೇ. ಯಾವ ಡಬ್ಬಿಯ ಮುಂದೆ ಯಾವುದು ಎಂದು ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

"ಮೊದಲನೇದು ನೀಲಿ, ಕಿವಿ ಮುರಿದದ್ದು, ಕಂಪೌಂಡರ್ ತಾಯೀದು. ಎರಡು, ಬಣ್ಣದ ಡಬ್ಬ ತೊಳೆದು ಮಾಡಿದ್ದು, ಟೀ ಅಂಗಡಿಯವನದು. ಮೂರು, ನಾಲ್ಕು ಜೋಡಿ, ಒಂದೇ ದಾರಕ್ಕೆ ಕಟ್ಟಿದ್ದು, ಅತ್ತೆ ಸೊಸೆ, ಮಾತು ಬಿಟ್ಟಿದ್ದಾರೆ, ಡಬ್ಬಿ ಮಾತ್ರ ಒಟ್ಟಿಗೆ. ಐದು ನಂದು..."

ಅವನು ಬಾಯಿ ಬಿಟ್ಟು ಕೇಳಿದ. ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಎದ್ದು ನಿಂತಿದ್ದ. "ಪಂಪ್ ಸ್ಟೌ ಯಾರ್ಯಾರ ಮನೇಲಿದೆ ಅಕ್ಕಾ?" ಅಮ್ಮ ಹೋಗಿ ಅಕ್ಕ ಆಗಿತ್ತು. "ಬತ್ತಿ ಸ್ಟೌ ಆದರೆ ಉರಿ ಎದ್ದು ಹೆದರಿಸುತ್ತೆ. ಪಂಪ್ ಸ್ಟೌ ಆದರೆ ಗಾಳಿ ಒತ್ತಿ ತುಂಬಿರ್ತಾರೆ, ಹಿತ್ತಾಳೆ ಹೊಟ್ಟೆ ಒಡೆದರೆ ಮುಖದ ಮೇಲೇ. ಮೊದಲು ಅವು."

ಪಂಪ್ ಸ್ಟೌ ಇದ್ದರೆ ಬೀದಿಗೇ ಭರ್ರ್ ಎಂದು ಕೇಳುತ್ತದೆ, ಗೊತ್ತಿಲ್ಲದೇ ಇರುತ್ತದೆಯೇ? ಆರು ಮನೆ ಹೇಳಿದೆ. ಆಮೇಲೆ ಉಳಿದದ್ದನ್ನು ಬೀದಿಯ ಪ್ರಕಾರ ಜೋಡಿಸಿದೆ. ಇಪ್ಪತ್ಮೂರನೆಯದು ಹಸಿರು ಡಬ್ಬಿ, ಬಾಯಿಗೆ ಜೋಳದ ದಿಂಡು ಸಿಕ್ಕಿಸಿದ್ದು, ಇಸ್ತ್ರಿಯವನ ಹೆಂಡತಿಯದು. ಅವಳದು ಬತ್ತಿ ಸ್ಟೌ, ಬಟ್ಟೆ ಮನೆಮನೆಗೆ ಕೊಟ್ಟು ಬರುವವರೆಗೆ ಒಲೆಯ ಮುಖ ನೋಡುವವಳಲ್ಲ. ಅದನ್ನು ಕೊನೆಗಿಟ್ಟೆ. ಕೊನೆಗಿಟ್ಟವಳು ನಾನು, ಅವನಲ್ಲ. ಇದನ್ನು ಇಲ್ಲಿಯೇ ಬರೆದುಬಿಡುತ್ತೇನೆ.

ಹೊರಟೆವು. ಅವನು ಗಾಡಿ ತಳ್ಳಿದ, ನಾನು ಮುಂದೆ ಓಡುತ್ತಾ ಕೂಗಿದೆ, "ಇವತ್ತಿನ ಎಣ್ಣೆ ಹಚ್ಚಬೇಡಿ! ಹಚ್ಚಬೇಡಿ!" ಬೀದಿಯ ಜನ ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಕಂಪೌಂಡರ್ ತಾಯಿ ಡಬ್ಬಿ ಕೊಡಲು ಒಪ್ಪಲಿಲ್ಲ.

"ನಾಲ್ಕು ಗಂಟೆ ಕಾದು ತಂದಿದ್ದೀನಿ. ವಾಪಸ್ ಕೊಟ್ಟರೆ ಬದಲಿಗೆ?"

"ಬದಲಿಗೆ ನಿಮ್ಮ ಮುಖ ನಿಮ್ಮ ಹತ್ತಿರಾನೇ ಇರುತ್ತೆ ತಾಯೀ" ಅಂದ ಅಳತೆಯಣ್ಣ.

ಮುದುಕಿ ಮುಖ ಮುಟ್ಟಿ ನೋಡಿಕೊಂಡಿತು. ಡಬ್ಬಿ ತಂದು ಕೊಟ್ಟಿತು. ಅಲ್ಲಿಗೆ ಎರಡಾಯಿತು.

ಟೀ ಅಂಗಡಿಯ ತಿರುವಿನಲ್ಲೇ ಕಂಡಿತು. ಅಂಗಡಿಯಲ್ಲಿ ಉರಿ ಎದ್ದಿತ್ತು. ಪುಣ್ಯಕ್ಕೆ ಪಂಪ್ ಸ್ಟೌವಿನ ಪಿನ್ನು ಮುರಿದು, ಅವತ್ತು ಅವನು ದೊಡ್ಡ ಬತ್ತಿ ಸ್ಟೌ ಇಟ್ಟುಕೊಂಡಿದ್ದ. ಉರಿ ಕೆಟಲಿಯ ಪಕ್ಕೆ ನೆಕ್ಕಿ, ಹಿಡಿಕೆ ದಾಟಿ, ಮಾಡಿನ ತಗಡಿಗೆ ಮುಟ್ಟುತ್ತಿತ್ತು. ಅವನು ಸಂತೋಷದಲ್ಲಿದ್ದ.

"ಬನ್ನಿ ಅಳತೆಯಣ್ಣಾ! ಇವತ್ತಿನ ಮಾಲು ಭರ್ಜರಿ! ಎರಡೇ ನಿಮಿಷಕ್ಕೆ ಹಾಲು ಉಕ್ಕಿತು!"

"ಊದಬೇಡ. ನೀರು ಹಾಕಬೇಡ. ಹಿಂದೆ ಸರಿ."

"ಯಾಕಣ್ಣಾ, ಒಳ್ಳೇ ಎಣ್ಣೆ ಕೊಟ್ಟೆ ಅಂತ ಹೊಟ್ಟೆ ಉರೀನಾ?"

ಅಳತೆಯಣ್ಣ ಗಾಡಿಯ ಮೇಲಿದ್ದ ಗೋಣಿಚೀಲವನ್ನು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಮುಳುಗಿಸಿ, ಎರಡೂ ಕೈ ಅಗಲಿಸಿ, ಸ್ಟೌವಿನ ಮೇಲೆ ನಿಧಾನಕ್ಕೆ ಮಲಗಿಸಿದ. ಉರಿ ಒಂದು ಸಲ ಬದಿಯಿಂದ ನಾಲಿಗೆ ಚಾಚಿತು. ಅವನು ಚೀಲದ ಅಂಚು ಒತ್ತಿ ಹಿಡಿದ. ನಾನು ಹದಿನೆಂಟರವರೆಗೆ ಎಣಿಸಿದೆ. ಆಮೇಲೆ ಹೊಗೆ ಮಾತ್ರ. ಸ್ಟೌವಿನ ತೈಲದ ಬಟ್ಟಲು ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಟೀ ಅಂಗಡಿಯವನ ನಗು ಅಲ್ಲಿಗೆ ನಿಂತಿತು.

"ಇದೇನಣ್ಣಾ ಇದು? ಎಣ್ಣೆ ಎಣ್ಣೆ ಒಂದೇ ಅಲ್ವಾ?"

"ಒಂದೇ ತಾಯಿ ಹೊಟ್ಟೆಯವು, ಗುಣ ಬೇರೆ" ಅಂದ ಅಳತೆಯಣ್ಣ, ಡಬ್ಬಿ ಎತ್ತಿ ಡ್ರಮ್ಮಿಗೆ ಸುರಿಯುತ್ತಾ. "ತಾಯಿ ನೆಲದೊಳಗಿಂದ ಕಪ್ಪಗೆ ಬರ್ತಾಳೆ. ಕಾಯಿಸಿದರೆ ಮೊದಲು ಹಾರಿಹೋಗೋದು ಗ್ಯಾಸು, ಹಗುರ ತಲೆಯವನು. ಅವನ ಹಿಂದೆ ಪೆಟ್ರೋಲು, ಮೂಗಿನ ತುದೀಲಿ ಸಿಟ್ಟು. ಆಮೇಲೆ ಸೀಮೆಎಣ್ಣೆ, ತಾಳ್ಮೆಯ ಮಗಳು, ಬತ್ತಿ ಹಿಡಿದು ಕರೆದರೇ ಬರೋಳು. ಡೀಸೆಲು ಮೂಟೆ ಹೊರೋ ಗಂಡು. ಕೊನೆಗೆ ಉಳಿಯೋನು ಡಾಂಬರು, ರಸ್ತೇಲಿ ಬಿದ್ದುಕೊಂಡು ಎಲ್ಲರ ಕೈಲೂ ತುಳಿಸಿಕೊಳ್ಳೋನು. ಇವತ್ತು ಸಿಟ್ಟಿನ ಅಣ್ಣನನ್ನ ತಂಗಿ ಮನೆಗೆ ನುಗ್ಗಿಸಿದ್ದಾರೆ. ಮನೆ ಉಳಿಯುತ್ತಾ?"

"ಯಾರು ನುಗ್ಗಿಸಿದ್ದು?"

"ಟ್ಯಾಂಕರಿನವನು. ಹಿಂದಿನ ಟ್ರಿಪ್ಪಿನ ಪೆಟ್ರೋಲ್ ಪೂರ್ತಿ ಇಳಿಸದೇನೇ ಮೇಲೆ ಸೀಮೆಎಣ್ಣೆ ತುಂಬಿಸಿಕೊಂಡು ಬಂದಿದ್ದಾನೆ. ಆದರೆ ನಾನು ನೋಡಿದ್ದೆನಲ್ಲಾ... ಎರಡೂ ಖಾನೆ ನೋಡಿದ್ದೆ. ಹೇಗೆ ತಪ್ಪಿತು?"

ಈ ಮಾತನ್ನು ಅವನು ಟೀ ಅಂಗಡಿಯವನಿಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಸುಮ್ಮನಿರಲು ಕಾರಣವಿತ್ತು.

ಅವನ ಕೆಲಸ ಹೇಗೆಂದರೆ, ಟ್ಯಾಂಕರಿನ ಹೊಟ್ಟೆ ಒಳಗೆ ಎರಡು ಖಾನೆ. ಡಿಪೋದ ತೊಟ್ಟಿಗೆ ಇಳಿಸುವ ಮೊದಲು ಅಳತೆಯಣ್ಣ ಏಣಿ ಹತ್ತಿ, ಒಂದೊಂದು ಖಾನೆಯ ಮುಚ್ಚಳ ತೆಗೆದು, ಕೋಲಿಗೆ ಕಟ್ಟಿದ ಬಟ್ಟೆ ಅದ್ದಿ, ಅದನ್ನು ಮುಂಗೈ ಹಿಂಬದಿಗೆ ಒರೆಸಿ ಊದುತ್ತಾನೆ. ಪೆಟ್ರೋಲಾದರೆ ಚಳಿ ಹಿಡಿದ ಹಾಗೆ ತಣ್ಣಗಾಗಿ ಮಾಯವಾಗುತ್ತದೆ. ಸೀಮೆಎಣ್ಣೆಯಾದರೆ ಚರ್ಮದ ಮೇಲೆ ಜಿಡ್ಡು ಉಳಿಯುತ್ತದೆ. ಯಾರೂ ಕಲಿಸಿದ್ದಲ್ಲ, ಯಾವ ಕಾಗದದಲ್ಲೂ ಬರೆದದ್ದಲ್ಲ. ಇಪ್ಪತ್ತೊಂದು ವರ್ಷ ಅವನು ಹೀಗೆಯೇ ಮಾಡಿದ್ದ, ಅವನ ಮುಂಗೈ ಚರ್ಮ ಹಳೇ ಚರ್ಮದ ಚೀಲದ ಹಾಗೆ ಬಿರಿದಿತ್ತು. ಜನ ಅವನ ಎಣ್ಣೆಯನ್ನು ಕಣ್ಣು ಮುಚ್ಚಿ ಒಯ್ಯುತ್ತಿದ್ದದ್ದು ಆ ಕೈಯ ಮೇಲಿನ ನಂಬಿಕೆಯಿಂದ. ಅವತ್ತು ಟ್ಯಾಂಕರ್ ಮೂರು ಗಂಟೆ ತಡ. ಕೆಳಗೆ ಇಪ್ಪತ್ತೇಳು ಜನ, ಬಿಸಿಲು, ಬೇಗ ಬೇಗ ಎಂದು ಕೂಗು. ಅವನು ಮೊದಲ ಖಾನೆಗೆ ಬಟ್ಟೆ ಅದ್ದಿದ, ಕೈಗೆ ಒರೆಸಿದ, ಊದಿದ. ಎರಡನೆಯದರ ಮುಚ್ಚಳ ತೆಗೆದ. ಅಷ್ಟರಲ್ಲಿ ಸಾಲಿನಲ್ಲಿ ಇಬ್ಬರು ಡಬ್ಬಿ ತಳ್ಳಿದ್ದಕ್ಕೆ ಕೈ ಕೈ ಮಿಲಾಯಿಸಿದರು. ಅವನು ಮೇಲಿನಿಂದಲೇ, "ಏಯ್, ಹೊಡೆದಾಡೋರಿಗೆ ಎಣ್ಣೆ ಇಲ್ಲ!" ಎಂದು ಗದರಿಸಿ, ಮುಚ್ಚಳ ಹಾಕಿ ಇಳಿದುಬಂದ. ಬಟ್ಟೆ ಅದ್ದಲಿಲ್ಲ. ನಾನು ಗೋಡೆಯ ಮೇಲೆ ಕೂತು ನೋಡುತ್ತಿದ್ದೆ. ಆಗ ಅದು ನನಗೆ ಏನೂ ಅನಿಸಲಿಲ್ಲ.

ನಾಲ್ಕು ಗಂಟೆಗೆ ಹನ್ನೆರಡು ಡಬ್ಬಿ ಆಗಿದ್ದವು. ನಾಲ್ಕೂ ಮುಕ್ಕಾಲಿಗೆ ಹದಿನೇಳು. ಸುದ್ದಿ ನಮಗಿಂತ ಮುಂದೆ ಓಡತೊಡಗಿತು, ಕೆಲವರು ತಾವಾಗಿಯೇ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಸೊಸೆ ಇಬ್ಬರೂ ಒಂದೇ ದಾರದ ಎರಡು ತುದಿ ಹಿಡಿದು ತಂದರು, ಮಾತಾಡದೆ. ಡ್ರಮ್ಮು ತುಂಬುತ್ತಾ ಬಂದ ಹಾಗೆ ಗಾಡಿಯೇ ಒಂದು ಬಾಂಬು. ಓಣಿಯೊಂದರಲ್ಲಿ ಎದುರಿಗೆ ಒಬ್ಬ ಬೀಡಿ ಸೇದುತ್ತಾ ಬಂದ.

"ಬೀಡಿ ಎಸಿ!" ಎಂದೆ ನಾನು.

"ಯಾಕಜ್ಜೀ, ನಿಮ್ಮಪ್ಪ ತಂದುಕೊಟ್ಟಿದ್ದಾ?"

ನನಗಾಗ ನಲವತ್ತಾರು. ಅಜ್ಜಿ ಅಂದದ್ದಕ್ಕೆ ಸಿಟ್ಟು ಬರಬೇಕಿತ್ತು, ಪುರುಸೊತ್ತಿರಲಿಲ್ಲ. ಅಳತೆಯಣ್ಣ ಗಾಡಿ ಬಿಟ್ಟು ಹೋಗಿ, ಅವನ ಬಾಯಿಂದ ಬೀಡಿ ತೆಗೆದು, ಹಿಂದಕ್ಕೆ ನಡೆದು, ಓಣಿಯ ಆ ಕೊನೆಯ ಚರಂಡಿಯಲ್ಲಿ ಅದ್ದಿ ಬಂದ. "ಡ್ರಮ್ಮಲ್ಲಿ ಪೆಟ್ರೋಲ್ ಇದೆ" ಅಂದ. ಬೀಡಿಯವನು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ಗಾಡಿ ದಾಟಿದ ಮೇಲೆ ತಾನೂ ಹಿಂದಿನಿಂದ ತಳ್ಳಿದ.

ಐದೂವರೆಗೆ ಇಪ್ಪತ್ತಾರು. ಉಳಿದದ್ದು ಹಸಿರು ಡಬ್ಬಿ.

ಇಸ್ತ್ರಿಯವನ ಮನೆಗೆ ಬೀಗ. ಕಿಟಕಿಯಿಂದ ಬಗ್ಗಿ ನೋಡಿದರೆ ಸ್ಟೌ ತಣ್ಣಗೆ ಕೂತಿತ್ತು, ಪಕ್ಕದಲ್ಲಿ ಹಸಿರು ಡಬ್ಬಿ. ನನಗೆ ಜೀವ ಬಂತು. "ನೋಡಣ್ಣಾ, ಅಲ್ಲೇ ಇದೆ. ಅವಳು ಬಂದ ಮೇಲೆ ತಗೊಂಡರಾಯ್ತು." ಜಗಲಿಯ ಮೇಲೆ ಕೂತೆವು. ಅವನು ಮೊದಲ ಸಲ ಬೆನ್ನು ಒರಗಿಸಿದ. ತನ್ನ ಹೆಂಡತಿ ತೀರಿ ಎಂಟು ವರ್ಷವಾಯಿತೆಂದೂ, ಮಗಳನ್ನು ಮದುವೆ ಮಾಡಿ ಕೊಟ್ಟ ಮನೆಯಲ್ಲಿ ಕರೆಂಟ್ ಒಲೆ ಇದೆಯೆಂದೂ, "ತಾತಾ, ನಿನ್ನ ಕೈ ವಾಸನೆ" ಎಂದು ಮೊಮ್ಮಗಳು ಹತ್ತಿರ ಬರುವುದಿಲ್ಲವೆಂದೂ ಹೇಳಿದ. ಹೇಳುತ್ತಾ ನಕ್ಕ. ಹತ್ತು ನಿಮಿಷ ಕೂತಿದ್ದೆವು. ಆ ಹತ್ತು ನಿಮಿಷದ ಲೆಕ್ಕ ನನ್ನ ಹತ್ತಿರ ಇನ್ನೂ ಇದೆ.

ಇಸ್ತ್ರಿಯವನ ಹೆಂಡತಿ ತಲೆಯ ಮೇಲೆ ಖಾಲಿ ಗಂಟು ಹೊತ್ತು ಬಂದಳು. ಬೀಗ ತೆಗೆದಳು. ನಾನು ಒಳಗೆ ಹೋಗಿ ಡಬ್ಬಿ ಎತ್ತಿದೆ. ಖಾಲಿ. ಕೈ ಮೇಲಕ್ಕೆ ಹಾರಿತು.

"ಎಣ್ಣೆ ಎಲ್ಲೇ?"

"ಎಣ್ಣೆ ನಂದಲ್ಲಕ್ಕಾ. ನನ್ನ ಕಾರ್ಡಿಂದು ಹೋದ ವಾರಾನೇ ತಂದೆ. ಇದು ನಮ್ಮ ಓರಗಿತ್ತೀದು. ಅವಳ ಡಬ್ಬಿ ತಳ ತೂತು, ಕೈಯಲ್ಲಿ ಎರಡು ತಿಂಗಳ ಕೂಸು. ಸಾಲಲ್ಲಿ ಹೇಗೆ ನಿಲ್ತಾಳೆ? ಅವಳ ಕಾರ್ಡಿಗೆ ನನ್ನ ಡಬ್ಬಿ ಇಟ್ಟು, ತಂದು ಅವಳ ಮನೇಲೇ ಸುರಿದು ಬಂದೆ. ಯಾಕೆ?"

ಹತ್ತು ವರ್ಷ ಡಬ್ಬಿ ನೋಡಿ ಜನರನ್ನು ಗುರುತು ಹಿಡಿದವಳು ನಾನು. ಡಬ್ಬಿಯನ್ನೇ ಜನ ಎಂದುಕೊಂಡುಬಿಟ್ಟಿದ್ದೆ.

"ಸ್ಟೌ ಯಾವುದು?" ಅಂದ ಅಳತೆಯಣ್ಣ.

"ಪಂಪಿಂದು. ಕೂಸಿಗೆ ಆರು ಗಂಟೆಗೆ ಬಿಸಿನೀರು ಕಾಯಿಸ್ತಾಳೆ. ರೈಲು ಗೇಟಿಂದ ಆಚೆ, ಮೂರನೇ ಮನೆ."

ಗಾಡಿ ಅಲ್ಲೇ ಬಿಟ್ಟೆವು. ಅವನು ಒದ್ದೆ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಓಡಿದ, ನಾನು ಸೀರೆ ಎತ್ತಿ ಕಟ್ಟಿ ಹಿಂದೆ. ಗೇಟು ಹಾಕಿತ್ತು. ಗೂಡ್ಸ್ ಗಾಡಿ ಬರುತ್ತಿತ್ತು. ಅವನು ಕಂಬಿಯ ಕೆಳಗೆ ನುಸುಳಿದ, ಗೇಟಿನವನು ರಟ್ಟೆ ಹಿಡಿದು ಹಿಂದಕ್ಕೆಳೆದ. "ಸಾಯ್ತೀಯಾ?" ಅಂದ. ಇಂಜಿನ್ ನಮ್ಮ ಮುಂದೆಯೇ ಹೋಯಿತು, ಹಿಂದೆ ಟ್ಯಾಂಕು, ಟ್ಯಾಂಕು, ಟ್ಯಾಂಕು. ಎಲ್ಲವೂ ಎಣ್ಣೆಯದು. ಊರು ಊರುಗಳ ಒಲೆಗೆ, ಲಾರಿಗೆ, ಮಿಲ್ಲಿಗೆ ಹೋಗುವ ಎಣ್ಣೆ. ಅದಕ್ಕೆ ಅವಸರವಿರಲಿಲ್ಲ. ನಾನು ಎಣಿಸಿದೆ, ಎಣಿಸದೆ ಇರಲಾಗಲಿಲ್ಲ. ನಲವತ್ತೆಂಟು. ಅಳತೆಯಣ್ಣ ಕಂಬಿಯನ್ನು ಕೈಯಲ್ಲಿ ಬಡಿಯುತ್ತಾ "ಹೋಗು ತಾಯೀ, ಹೋಗು, ಬೇಗ ಹೋಗು" ಎಂದು ರೈಲನ್ನೇ ಬೇಡಿಕೊಳ್ಳುತ್ತಿದ್ದ. ಕೊನೆಯ ಬೋಗಿಯ ಕೆಂಪು ದೀಪ ದೂರ ಸರಿಯುವ ಮೊದಲೇ ಕಂಬಿ ಹಾರಿದ.

ಮನೆ ಮೂರನೆಯದು. ಬಾಗಿಲು ತೆರೆದಿತ್ತು, ಹೊರಗೆ ಕಟ್ಟಿದ ಜೋಲಿಯಲ್ಲಿ ಕೂಸು ಕಾಲಾಡಿಸುತ್ತಿತ್ತು. ಒಳಗಿನಿಂದ ಪಂಪು ಒತ್ತುವ ಸದ್ದು ಕೇಳಿಸಿತು, ಚುಸ್, ಚುಸ್, ಚುಸ್. ಅವನು, "ಒತ್ತಬೇಡಮ್ಮಾ!" ಎಂದು ಕೂಗಿದ. ಅವಳು ಯಾರೆಂದು ತಿರುಗಿದಳು. ತಿರುಗಿದ್ದರಿಂದ ಮುಖ ಉಳಿಯಿತು ಎಂದು ಆಮೇಲೆ ಡಾಕ್ಟರು ಹೇಳಿದರು. ಢಬ್ ಎಂಬ ಸದ್ದು ದೊಡ್ಡದೇನಲ್ಲ, ಹಲಸಿನಹಣ್ಣು ಬಿದ್ದ ಹಾಗೆ. ಆದರೆ ಬೆಳಕು! ಅವಳ ಬಲಗೈ, ಭುಜ, ಕುತ್ತಿಗೆಯ ಬದಿ ಒಂದೇ ಉರಿ. ಅಳತೆಯಣ್ಣ ಗೋಣಿಚೀಲದ ಸಮೇತ ಅವಳ ಮೇಲೆ ಬಿದ್ದು ತಬ್ಬಿಕೊಂಡ. ನೆಲದ ಮೇಲೆ ಉರಿ ಹರಿಯುತ್ತಿತ್ತು. ನಾನು ಅಂಗಳದ ಮರಳು ಸೆರಗಿನಲ್ಲಿ ತುಂಬಿ ತುಂಬಿ ಎರಚಿದೆ. ಎಷ್ಟು ಸಲವೆಂದು ಅದೊಂದನ್ನು ನಾನು ಎಣಿಸಲಿಲ್ಲ.

ಅವಳು ಬದುಕಿದಳು. ನಲವತ್ತು ದಿನ ಆಸ್ಪತ್ರೆ. ಬಲಗೈಯ ಮೂರು ಬೆರಳು ಮಡಚಲು ಬರಲಿಲ್ಲ. ಅಳತೆಯಣ್ಣನ ಎರಡೂ ಅಂಗೈ ಬೊಬ್ಬೆ ಎದ್ದು ಸಿಪ್ಪೆ ಸುಲಿದವು. ಡಾಕ್ಟರು ಬಟ್ಟೆ ಸುತ್ತಿ ಬಾಕ್ಸಿಂಗ್ ಆಡುವವನ ಹಾಗೆ ಮಾಡಿ ಕಳಿಸಿದರು.

ಭಾನುವಾರ ಡಿಪೋ ಯಜಮಾನರು ಹಣ್ಣು ಹಿಡಿದು ಅವನ ಮನೆಗೆ ಬಂದರಂತೆ. ಅವರ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಸೋಮವಾರ ವಿಚಾರಣೆ. ನೀನು ಎರಡೂ ಖಾನೆ ನೋಡಿದ್ದೆ ಅಂತೀಯಲ್ಲಾ, ಅಷ್ಟೇ ಹೇಳು. ಜಾಸ್ತಿ ಕೆದಕಬೇಡ. ಆ ಟ್ಯಾಂಕರಿನವನು ನೋಡಿಕೊಳ್ಳಲಿ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು." ಅಳತೆಯಣ್ಣ ಎರಡೂ ಖಾನೆ ಸರಿಯಾಗಿ ನೋಡಿದ್ದನೆಂದಾದರೆ, ಆಮೇಲೆ ಪೆಟ್ರೋಲ್ ಬೆರೆಸಿದವನು ಟ್ಯಾಂಕರಿನವನೇ ಎಂದು ತಾನಾಗಿಯೇ ಆಗುತ್ತಿತ್ತು. ಬೇಕೆಂದೇ ಬೆರೆಸಿದ ಎಂದಾದರೆ ಜೈಲು. ಕೆಲಸ ಹೋಗುವುದು ಬೇರೆ, ಜೈಲು ಬೇರೆ.

ಸೋಮವಾರ ಸಾಲಿನಲ್ಲಿದ್ದವಳೆಂದು ನನ್ನನ್ನೂ ಕರೆಸಿದ್ದರು. ಆಫೀಸಿನ ಹೊರಗೆ ಉದ್ದನೆಯ ಬೆಂಚು. ಒಂದು ತುದಿಯಲ್ಲಿ ಟ್ಯಾಂಕರಿನವನು, ಮೂವತ್ತೂ ಆಗದ ಗಂಡು, ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ. ನಡುವೆ ನಾನು. ಈಚೆಗೆ ಅಳತೆಯಣ್ಣ, ಬಟ್ಟೆ ಸುತ್ತಿದ ಕೈಗಳನ್ನು ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು. ಇಪ್ಪತ್ತು ನಿಮಿಷ ಹಾಗೇ ಕೂರಿಸಿದರು. ಆಮೇಲೆ ಅಳತೆಯಣ್ಣ ನನ್ನನ್ನು ಒಂದು ಮಾತು ಕೇಳಿದ, ನಾನು ಉತ್ತರ ಕೊಟ್ಟೆ, ಅವನನ್ನು ಒಳಗೆ ಕರೆದರು.

ಒಳಗೆ ಅವನು ಹೇಳಿದ್ದು ಬಾಗಿಲಿಗೇ ಕೇಳಿಸಿತು. "ಒಂದೇ ಖಾನೆ ನೋಡಿದೆ ಸಾರ್. ಎರಡನೇದಕ್ಕೆ ಬಟ್ಟೆ ಅದ್ದಲಿಲ್ಲ. ಅದ್ದಿದ್ದೆ ಅಂತ ನಾನು ನಂಬಿದ್ದೆ, ಇಪ್ಪತ್ತೊಂದು ವರ್ಷದ ಅಭ್ಯಾಸ. ಅದ್ದಲಿಲ್ಲ." ನನ್ನನ್ನು ಕರೆದಾಗ ನಾನೂ ಅದನ್ನೇ ಹೇಳಿದೆ. ಹಸಿರು ಡಬ್ಬಿಯ ವಿಷಯವನ್ನೂ ಹೇಳಿದೆ. ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ.

ಟ್ಯಾಂಕರಿನವನಿಗೆ ಆರು ತಿಂಗಳು ಕೆಲಸ ಇಲ್ಲದಾಯಿತು, ಅಷ್ಟೇ. ಅಳತೆಯಣ್ಣನನ್ನು ಡಿಪೋ ಕಿಂಡಿಯಿಂದ ತೆಗೆದರು. ಆಮೇಲೆ ಅವನು ಬಸ್ಸುಗಳ ಶೆಡ್ಡಿನಲ್ಲಿ ಡೀಸೆಲ್ ಕಲೆ ತೊಳೆಯುವ ಕೆಲಸಕ್ಕೆ ಸೇರಿದ. ಊರಿನವರು ಕೆಲವರು ಅವನನ್ನು ಬೈದರು, ಕೆಲವರು ದೇವರಂಥವನು ಎಂದರು. ಎರಡೂ ಅವನಿಗೆ ಹಿಡಿಸುತ್ತಿರಲಿಲ್ಲ. ರೈಲು ಗೇಟಿನ ಆಚೆಯ ಮನೆಗೆ ವಾರಕ್ಕೊಮ್ಮೆ ಹೋಗಿ, ಆ ಹೆಂಗಸಿಗೆ ನೀರು ಸೇದಿಕೊಟ್ಟು, ಒಂದು ಮಾತೂ ಆಡದೆ ಬರುತ್ತಿದ್ದ. ಮೊದಮೊದಲು ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮೂರನೇ ವರ್ಷ ಕೊಡ ಹೊರಗೆ ತಂದಿಡಲು ಶುರು ಮಾಡಿದಳು.

ಅವನು ಆಮೇಲೆ ಹದಿಮೂರು ವರ್ಷ ಬದುಕಿದ. ದಾರಿಯಲ್ಲಿ ಸಿಕ್ಕರೆ ನಿಲ್ಲುತ್ತಿದ್ದ, ನನ್ನ ಮೊಣಕಾಲು ನೋವಿಗೆ ಮದ್ದು ಹೇಳುತ್ತಿದ್ದ, ಶೆಡ್ಡಿನ ಮೇಸ್ತ್ರಿಯನ್ನು ಅಣಕಿಸಿ ನಗಿಸುತ್ತಿದ್ದ. ನನ್ನ ಮನೆಗೆ ಗ್ಯಾಸ್ ಒಲೆ ಬಂದ ದಿನ ಬಂದು, ಕೊಳವೆಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ ಹೋದ. ಹೇಳುವುದು ಬಹಳ ಹೇಳಿದ. ಕೇಳುವುದು ಮಾತ್ರ ಏನೂ ಕೇಳಲಿಲ್ಲ, ಹೊತ್ತೆಷ್ಟಾಯಿತು ಎಂದು ಕೂಡ. ಅವನು ನನ್ನನ್ನು ಕೊನೆಯ ಸಲ ಕೇಳಿದ್ದು ಆ ಬೆಂಚಿನ ಮೇಲೆ, ಒಳಗೆ ಕರೆಯುವ ಮೊದಲು. ಟ್ಯಾಂಕರಿನವನಿಗೆ ಕೇಳದ ಹಾಗೆ ತಗ್ಗಿಸಿದ ದನಿಯಲ್ಲಿ, ನನ್ನ ಮುಖ ನೋಡದೆ ಕೇಳಿದ.

"ಅಕ್ಕಾ, ನೀನು ಗೋಡೆ ಮೇಲೇ ಕೂತಿದ್ದೆ. ನನ್ನ ಕೈ ಎರಡನೇ ಖಾನೆಗೆ ಹೋಯ್ತಾ?"